ಕಾರವಾರ–ಸಿಂಗಾಪುರ, ಬೋಂಡಾ ಮಾರ್ಗವಾಗಿ

ಪಕ್ಕದ ಮನೆಯ ಹುಡುಗ ಮೂರು ವರ್ಷದಿಂದ ಕೇಟರಿಂಗ್ ಓದುತ್ತಿದ್ದಾನೆ. ಇಷ್ಟು ದಿನದಲ್ಲಿ ಆ ಮನೆಯಿಂದ ನಮ್ಮ ಮನೆಗೆ ಒಂದು ಬಟ್ಟಲು ಸಾರೂ ದಾಟಿ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ರಸೀದಿ ಪುಸ್ತಕ ಬಂತು.

“ಮಾಮ, ನಾವು ಸಿಂಗಾಪುರಕ್ಕೆ ಶೈಕ್ಷಣಿಕ ಪ್ರವಾಸ ಹೊರಟಿದ್ದೇವೆ. ನಿಮ್ಮ ಹೆಸರಿಗೆ ಎಷ್ಟು ಬರೀಲಿ?”

ಗಣಪತಿ ಚಂದಾದವರಾದರೂ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಾರೆ. ಇವನು ಪೆನ್ನಿನ ಮುಚ್ಚಳ ತೆಗೆದುಕೊಂಡೇ ಬಂದಿದ್ದ. ಜೊತೆಗೊಂದು ಬಣ್ಣದ ಕರಪತ್ರ. ವಿದ್ಯಾರ್ಥಿಗಳು 24, ತಲೆಗೆ 70 ಸಾವಿರ, ನಾಲ್ಕು ರಾತ್ರಿ ಐದು ಹಗಲು. ಉದ್ದೇಶಗಳು ಮೂರು: ತೆಂಗಿನಹಾಲಿನ ಅಡುಗೆ, ಎಲೆಯಲ್ಲಿ ಕಟ್ಟಿ ಬೇಯಿಸುವ ವಿಧಾನ, ಬೀದಿಬದಿ ತಿಂಡಿಯ ಸಂಸ್ಕೃತಿ.

ಇದನ್ನು ನಮ್ಮ ಜಿಲ್ಲೆಯಲ್ಲಿ ಕೂತು ಓದಬೇಕು. ಸಿಂಗಾಪುರದಲ್ಲಿ ಪುಟು ಮಾಯಮ್ ಎಂಬ ತಿಂಡಿ ಇದೆ. ಅಕ್ಕಿಹಿಟ್ಟನ್ನು ಎಳೆ ಎಳೆಯಾಗಿ ಒತ್ತಿ, ಹಬೆಯಲ್ಲಿ ಬೇಯಿಸಿ, ಕಾಯಿತುರಿ ಸಕ್ಕರೆ ಹಾಕಿ ಕೊಡುತ್ತಾರೆ. ನಮ್ಮಜ್ಜಿ ಇದಕ್ಕೆ ಶ್ಯಾವಿಗೆ ಎನ್ನುತ್ತಿದ್ದಳು. ಒರಳಿನ ಸನ್ನೆಗೆ ಜೋತುಬೀಳಲು ಮೊಮ್ಮಕ್ಕಳನ್ನು ಕರೆದು, ಆಮೇಲೆ ಬೆಲ್ಲದ ಕಾಯಿಹಾಲು ಸುರಿದು ಕೊಡುತ್ತಿದ್ದಳು. ಬಾಳೆಎಲೆಯಲ್ಲಿ ಮೀನಿನ ಮುದ್ದೆ ಕಟ್ಟಿ ಕೆಂಡದ ಮೇಲೆ ಸುಡುವ ಓಟಕ್-ಓಟಕ್ ಕೂಡ ಅಲ್ಲಿದೆ. ಇಲ್ಲಿ ಹಲಸಿನೆಲೆಯ ಕೊಟ್ಟೆಕಡುಬು ಇದೆ, ಅರಿಶಿನ ಎಲೆಯ ಪಾತೋಳಿ ಇದೆ. ಶಿರಸಿ ಕಡೆ ಮಡಕೆ ಬೋರಲು ಹಾಕಿ ಅದರ ಬೆನ್ನಿನ ಮೇಲೆ ಕಬ್ಬಿನ ಹಾಲಿನ ಹಿಟ್ಟು ಬಳಿದು, ಕಾಗದಕ್ಕಿಂತ ತೆಳ್ಳಗೆ ತೊಡೆದೇವು ಎಬ್ಬಿಸುವ ಹೆಂಗಸರಿದ್ದಾರೆ. “ಅದನ್ನು ಕಲಿತಿದ್ದೀಯೇನೋ?” ಎಂದೆ. “ಅದು ಸಿಲೆಬಸ್‌ನಲ್ಲಿ ಇಲ್ಲ ಮಾಮ” ಎಂದ.

ಮೂರನೇ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿಯ ಸರ್ಕಾರ ಎಪ್ಪತ್ತು ಎಂಬತ್ತರ ದಶಕದಲ್ಲಿ ಬೀದಿಯ ಗಾಡಿಯವರಿಗೆಲ್ಲ ನೀರು, ಚರಂಡಿ, ಸೂರು ಇರುವ ಕೇಂದ್ರಗಳನ್ನು ಕಟ್ಟಿಕೊಟ್ಟಿತು. 2016ರಲ್ಲಿ ಅಂಥ ಎರಡು ಪುಟ್ಟ ಅಂಗಡಿಗಳಿಗೆ, ದೊಡ್ಡ ದೊಡ್ಡ ಹೋಟೆಲಿನವರು ಹಂಬಲಿಸುವ ಮಿಶೆಲಿನ್ ತಾರೆ ಸಿಕ್ಕಿತು, 2020ರಲ್ಲಿ ಆ ಇಡೀ ಸಂಸ್ಕೃತಿಯೇ ಯುನೆಸ್ಕೋ ಪಟ್ಟಿ ಸೇರಿತು. ನಮ್ಮಲ್ಲೂ ಬೀದಿ ವ್ಯಾಪಾರಿಗಳ ಕಾಯ್ದೆ 2014ರಿಂದಲೇ ಇದೆ. ಮಂತ್ರಿಗಳು ಬರುವ ಹಿಂದಿನ ದಿನ ಗಾಡಿಗಳನ್ನು ಎತ್ತಿ ಹಾಕುವ ಟೆಂಪೋ ಕೂಡ ಇದೆ. ಕಲಿಯುವುದು ಖಂಡಿತ ಇದೆ. ಆದರೆ ಅದನ್ನು ಕಲಿಯಬೇಕಾದವರು ಈ 24 ಮಂದಿಯೇ ಎಂಬುದು ನನ್ನ ಸಣ್ಣ ಅನುಮಾನ. ಕಲಿಯಬೇಕಾದವರು ಹೋಗಿಯೇ ಇಲ್ಲ ಎಂದೇನೂ ಅಲ್ಲ. 2012ರಲ್ಲಿ ರಾಜ್ಯಕ್ಕೆ ಬರ ಬಿದ್ದಾಗ ನಮ್ಮ ಶಾಸಕರ ತಂಡವೊಂದು ದಕ್ಷಿಣ ಅಮೆರಿಕಕ್ಕೆ ಅಧ್ಯಯನ ಪ್ರವಾಸ ಹೋಗಿತ್ತು. ಅವರು ಯಾರೂ ಬೋಂಡಾ ಮಾರಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹುಡುಗರು ಮಾರಿದರು. ಐದು ರೂಪಾಯಿ ಲಾಭಕ್ಕೆ ಒಂದು ಪ್ಲೇಟ್. ನಾನು ಕೂತು ಲೆಕ್ಕ ಹಾಕಿದೆ: ಬೇಕಾದದ್ದು 16 ಲಕ್ಷದ 80 ಸಾವಿರ, ಅಂದರೆ 3 ಲಕ್ಷದ 36 ಸಾವಿರ ಪ್ಲೇಟ್. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14,37,169. ಹಾಲು ಕುಡಿಯುವ ಕೂಸುಗಳನ್ನೂ ಸೇರಿಸಿ ಸುಮಾರು ನಾಲ್ವರಲ್ಲಿ ಒಬ್ಬರು ತಿಂದರೆ ವಿಮಾನ ಏರಬಹುದು. ಕಡಲತೀರದಲ್ಲಿ ಗಾಡಿ ಹಚ್ಚಿದ ಎರಡನೇ ಸಂಜೆಯೇ ಯಾರೋ ಬಂದು “ಇಲ್ಲಿ ಹಚ್ಚೂ ಹಾಂಗಿಲ್ಲ, ತೆಗೀರಿ” ಎಂದರಂತೆ. ಬೀದಿಬದಿ ತಿಂಡಿಯ ಅಧ್ಯಯನ ಅಲ್ಲಿಗೆ ಮುಗಿದಿತ್ತು, ಖರ್ಚಿಲ್ಲದೆ.

ಆಮೇಲೆ ಸಮಿತಿ ರಚನೆಯಾಯಿತು. ಸಮಿತಿಯ ಕೈಗೆ ಎಲ್ಲಿಂದಲೋ ಹಣ ಎತ್ತುವ ಉಪಾಯಗಳ ಪಟ್ಟಿಯೊಂದು ಸಿಕ್ಕಿತು. ಯಾವುದೋ ಚಳಿ ದೇಶದವರು ಬರೆದದ್ದಿರಬೇಕು. ಮೊದಲನೆಯದು ಕಾರು ತೊಳೆದುಕೊಡುವುದು. ಕಾರವಾರದಲ್ಲಿ, ಜೂನ್ ಎರಡನೇ ವಾರ! ಬಕೆಟ್ ಹಿಡಿದು ಕೊಡೆಯಡಿ ನಿಂತ ಹುಡುಗರನ್ನು ನೋಡಿ ಒಬ್ಬರು ಕಾರು ನಿಲ್ಲಿಸಿದರು. ದಾರಿ ಕೇಳಿ ಹೋದರು. ಇನ್ನೊಂದು, ಪ್ರಾಯೋಜಿತ ನಡಿಗೆ: ನಡೆದಷ್ಟು ಕಿಲೋಮೀಟರಿಗೆ ಜನ ದುಡ್ಡು ಕೊಡಬೇಕು. ಬಸ್ಸು ಬಾರದೆ ದಿನಾ ನಡೆಯುವವರು ತಮ್ಮ ಹಳೆಯ ಬಾಕಿಯನ್ನೂ ಕೇಳತೊಡಗಿದ್ದರಿಂದ ಅದನ್ನು ಕೈಬಿಟ್ಟರು. ಲಕ್ಕಿ ಡ್ರಾ ಟಿಕೆಟ್ ಅಚ್ಚಾಗಿ ಬಂದ ಮೇಲೆ ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಷೇಧವಾಗಿರುವುದನ್ನು ಯಾರೋ ವಕೀಲರು ನೆನಪಿಸಿದರು.

ಮೌನ ಹರಾಜು ಮಾತ್ರ ನೋಡುವಂತಿತ್ತು. ಬೇಕಾದವರು ಬೆಲೆಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು, ಬಾಯಿ ಬಿಡುವಂತಿಲ್ಲ. ಹರಾಜು ಬಲ್ಲವರಿರಲಿ ಎಂದು ಮೀನುಪೇಟೆಯ ನಾಲ್ಕು ಹೆಂಗಸರನ್ನೂ ಕರೆದಿದ್ದರು. ಅವರಲ್ಲಿ ಹಿರಿಯಳು ಮೂರಂತಸ್ತಿನ ಕೇಕಿನ ಸುತ್ತ ಒಂದು ಸುತ್ತು ಬಂದು, ಚೀಟಿಯನ್ನು ಹಿಂದೆ ಮುಂದೆ ತಿರುವಿ ನೋಡಿದಳು.

“ಬಾಯ್ ಮುಚ್ಕಂಡ್ ಲಿಲಾವು ಹ್ಯಾಂಗ್ ಮಾಡೂದು ಮಗಾ? ಸತ್ತದ್ದು ಬಂಗಡೆನೋ, ನಾವೋ?”

ಹತ್ತು ನಿಮಿಷದಲ್ಲಿ ಸೆರಗು ಸಿಕ್ಕಿಸಿ ಅವಳೇ ಕೂಗತೊಡಗಿದಳು. ಎಂಟುನೂರಕ್ಕೂ ಕೇಳುವವರಿಲ್ಲದ ಕೇಕು ಒಂದೂವರೆ ಸಾವಿರಕ್ಕೆ ಹೋಯಿತು. ತನ್ನ ದಲಾಲಿಯನ್ನು ಸ್ಥಳದಲ್ಲೇ ಎಣಿಸಿಕೊಂಡಳು. ಮಾರುಕಟ್ಟೆ ನಿರ್ವಹಣೆ ಎಂಬ ವಿಷಯ ಕಲಿಸುವ ಉಪನ್ಯಾಸಕರು ಆಗ ಮೊಬೈಲ್ ನೋಡುತ್ತಿದ್ದರು.

ಮತ್ಸ್ಯೋತ್ಸವವನ್ನು ಜೂನ್ ಕೊನೆಯ ಭಾನುವಾರಕ್ಕೆ ಇಟ್ಟಿದ್ದರು. ನಾನು ಮೀನು ತಿನ್ನದವ. ಆದರೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ ಎಂಬುದು ನನಗೂ ಗೊತ್ತು. ಪಾಪ್ಲೇಟ್ ತಂದೂರಿಯ ಫ್ಲೆಕ್ಸ್ ಕೆಳಗೆ ಒಣಸಿಗಡಿ ಚಟ್ನಿ ಬಡಿಸಿದರು. ತಿಂದವರು ಹೊಗಳಿದರು, ಅದು ಒಬ್ಬ ಹುಡುಗನ ಅಮ್ಮ ಮಾಡಿದ್ದು.

ಇನ್ನು, ಇದಕ್ಕೆಲ್ಲ ಮೊದಲೇ ನಡೆದ ಕೇಕಿನ ತೂಕ ಹೇಳುವ ಸ್ಪರ್ಧೆ. ನಮ್ಮ ಸೀಮೆಗೆ ಒಗ್ಗಲಿ ಎಂದು ಕೇಕು ತೆಗೆದು ಹಲಸಿನಹಣ್ಣು ಇಟ್ಟಿದ್ದರು. ಹಣ್ಣನ್ನು ದಾನ ಮಾಡಿದವರು ಶಿರಸಿಯ ನನ್ನ ಭಾವ. ಅವರು ಹಲಸನ್ನು ಒಮ್ಮೆ ಎತ್ತಿ ಇಳಿಸಿದರೆ ತಕ್ಕಡಿ ಬೇಡ. ಸರಿಯಾಗಿ ಹೇಳಿದವರಿಗೆ ಬಹುಮಾನ, ಅದೇ ಹಣ್ಣು. ಮೇ ತಿಂಗಳು! ಮನೆ ಮನೆಯ ಹಿತ್ತಿಲಲ್ಲಿ ಹಲಸು ಕೊಳೆಯುವ ಕಾಲ. ಜನ ಹತ್ತು ರೂಪಾಯಿ ಕೊಟ್ಟು, ಗೆದ್ದುಬಿಟ್ಟೇನೋ ಎಂಬ ಭಯದಲ್ಲಿ ಎರಡು ಕಿಲೋ, ನಲವತ್ತು ಕಿಲೋ ಎಂದೆಲ್ಲ ಬರೆದರು. ಭಾವನೂ ತಪ್ಪು ಬರೆದದ್ದು ಕಂಡು ಕೇಳಿದೆ. “ಸರಿ ಹೇಳಿದ್ರೆ ತಿರುಗಿ ಮನೆಗೆ ಹೊತ್ಗಂಡು ಹೋಗವು ಮಾರಾಯ” ಎಂದರು.

ಕೊನೆಗೆ ಊರಿನ ಹಳೆಯ ಉಪಾಯವೇ ಗತಿಯಾಯಿತು: ಸಹಾಯಾರ್ಥ ಯಕ್ಷಗಾನ. ಮುಂದಿನ ಐದು ಸಾಲು ಉಚಿತ ಪಾಸಿನವರಿಗೆ, ದುಡ್ಡು ಕೊಟ್ಟವರು ಕಂಬದ ಹಿಂದೆ. ರಾತ್ರಿ ಒಂಬತ್ತೂವರೆಗೆ ಶುರುವಾದ ಸಭಾ ಕಾರ್ಯಕ್ರಮದಲ್ಲಿ ಹದಿನಾಲ್ಕು ಮಂದಿಗೆ ಶಾಲು ಹೊದೆಸಿದರು. ಬಣ್ಣ ಹಚ್ಚಿಕೊಂಡು ಕೂತ ಭೀಮ ಚೌಕಿಯಲ್ಲಿ ಎರಡು ಸಲ ನಿದ್ದೆ ಮಾಡಿ ಎದ್ದನಂತೆ.

ಸಮಿತಿಯ ಲೆಕ್ಕಪತ್ರವನ್ನು ಹುಡುಗ ನನಗೂ ತೋರಿಸಿದ. ಒಟ್ಟು ಸಂಗ್ರಹ 1,12,000. ಶಾಲು, ಫ್ಲೆಕ್ಸ್, ಪೆಂಡಾಲು, ಮೇಳದ ವೀಳ್ಯ, ಅತಿಥಿಗಳ ಊಟ ಸೇರಿ ಖರ್ಚು 97,500. ಉಳಿದ 14,500ನ್ನು 24 ಮಂದಿಗೆ ಹಂಚಿದರೆ ತಲೆಗೆ 604 ರೂಪಾಯಿ. ಇನ್ನುಳಿದ 69,396ನ್ನು ಅಪ್ಪಂದಿರು ಕೊಡಬೇಕು. ಅಪ್ಪಂದಿರು ಇದನ್ನು ಏಪ್ರಿಲ್‌ನಲ್ಲೇ ಊಹಿಸಿದ್ದರು, ಪಾಪ.

ಆದರೆ ಹುಡುಗ ಬದಲಾಗಿದ್ದ. ಬೋಂಡಾ ಹಿಟ್ಟಿನ ಹದ, ಎಣ್ಣೆಯ ಕಾವು, ಉದ್ರಿ ಗಿರಾಕಿಯ ಮುಖಲಕ್ಷಣ, ನೂರು ಜನಕ್ಕೆಂದು ಮಾಡಿದ ಪಲಾವಿಗೆ ಇನ್ನೂರು ಜನ ಬಂದಾಗ ಸೌಟು ಹಿಡಿಯುವ ರೀತಿ, ಎಲ್ಲ ಕೈಗೆ ಬಂದಿತ್ತು. “ಇದಕ್ಕೆ ಎಷ್ಟು ಅಂಕವೋ?” ಎಂದೆ. ಇದಕ್ಕೆ ಅಂಕವಿಲ್ಲವಂತೆ. ಪ್ರವಾಸದ ವರದಿಗೆ ಇದೆಯಂತೆ, ಫೋಟೋ ಸಹಿತ.

ದಸರೆ ರಜೆಗೆ ಹೊರಟರು. ಜಿಲ್ಲೆಯಲ್ಲಿ ಆಸ್ಪತ್ರೆಗೇ ಹೊರ ಊರಿಗೆ ಓಡುವ ನಮಗೆ ವಿಮಾನ ನಿಲ್ದಾಣ ಎಲ್ಲಿಂದ ಬರಬೇಕು. ರಾತ್ರಿ ಬಸ್ಸಿಗೆ ಬೆಂಗಳೂರು. ಹಿಂದಿನ ಸಂಜೆ ಹುಡುಗ ಕಾರ್ಯಕ್ರಮ ಪಟ್ಟಿ ತಂದು ತೋರಿಸಿದ. ಮರ್‌ಲಯನ್, ಸೆಂಟೋಸಾ, ಯೂನಿವರ್ಸಲ್ ಸ್ಟುಡಿಯೋಸ್, ನೈಟ್ ಸಫಾರಿ, ಶಾಪಿಂಗ್. ಬೀದಿ ತಿಂಡಿಯ ಕೇಂದ್ರಕ್ಕೆ ಮುಕ್ಕಾಲು ಗಂಟೆ, ಪಕ್ಕದಲ್ಲಿ “ಸಮಯವಿದ್ದರೆ”. ನಾಲ್ಕೂ ರಾತ್ರಿ ಭಾರತೀಯ ಊಟ, ಚಪಾತಿ ದಾಲ್.

“ಅಲ್ಲಿದು ನಮ್ಮ ಸರ್‌ಗೆ ಆಗಿಬರೂದಿಲ್ಲ ಮಾಮ. ಅಪ್ಪೆಮಿಡಿ ಉಪ್ಪಿನಕಾಯಿ ತರ್ಲಿಕ್ಕೆ ಹೇಳಿದ್ದಾರೆ, ಎಲ್ಲರಿಗೂ ಆಗುವಷ್ಟು.”

ಅಡಿಕೆ ವ್ಯವಹಾರಕ್ಕೆಂದು ಬಂದಿದ್ದ ಭಾವ ಜಗಲಿಯಲ್ಲೇ ಕೂತಿದ್ದರು. ಅಪ್ಪೆಮಿಡಿಯೂ ಅವರದೇ. ಟಿಕೆಟ್ ಪ್ರಕಾರ ತಲೆಗೆ 20 ಕಿಲೋ. ಭಾವ ಎದ್ದು ಸೂಟ್‌ಕೇಸನ್ನು ಒಮ್ಮೆ ಎತ್ತಿ ಇಳಿಸಿದರು.

“ಇಪ್ಪತ್ತೊಂದೂವರೆ. ಎಂತಾರೂ ತೆಗೆಯವು ತಮಾ.”

ಹುಡುಗ ಜಿಪ್ ಎಳೆದ. ಉಪ್ಪಿನಕಾಯಿ ಡಬ್ಬಿಯನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ, ಅದರಡಿಯಿಂದ ಏಪ್ರನ್, ಬಿಳಿ ಟೊಪ್ಪಿ, ಇನ್ನೂರು ಪುಟದ ನೋಟ್‌ಬುಕ್ ಹೊರತೆಗೆದು ನಮ್ಮ ಜಗಲಿಯ ಮೇಲಿಟ್ಟ. ಭಾವ ಮತ್ತೆ ಎತ್ತಿ ನೋಡಿದರು. “ಈಗ ಸರಿ ಆತು” ಎಂದರು.