ಗಿರ್ಮಿಟ್ ಘನವೋ, ದ್ರವವೋ?

ಕರ್ನಾಟಕದ ಕಾಲೇಜುಗಳಿಗೆ ಮತ್ತೆ ವಿದ್ಯಾರ್ಥಿ ಚುನಾವಣೆ ಬರುತ್ತದಂತೆ. ಬರಬೇಕೋ ಬೇಡವೋ ಎಂದು ನೋಡಲಿಕ್ಕೆ ಸಮಿತಿಯೂ ಆಗಿದೆ. ಸಮಿತಿ ಆಯಿತೆಂದರೆ ಅವಸರವಿಲ್ಲವೆಂದೇ ಅರ್ಥ, ಇನ್ನೊಂದು ರೌಂಡು ಚಹಾ ಹೇಳಬಹುದು. ಆದರೆ ಧಾರವಾಡದ ಕಟ್ಟೆಗಳ ಮೇಲೆ ಯಾರು ಜಿ.ಎಸ್. (ಪ್ರಧಾನ ಕಾರ್ಯದರ್ಶಿ), ಯಾರು ಯು.ಆರ್. (ವಿಶ್ವವಿದ್ಯಾಲಯ ಪ್ರತಿನಿಧಿ) ಎಂಬ ಲೆಕ್ಕ ಆಗಲೇ ಶುರುವಾಗಿದೆ. ಲೆಕ್ಕ ಹಾಕುವವರಲ್ಲಿ ಬಹಳ ಮಂದಿಗೆ ತಲೆ ನರೆತಿದೆ. ಅವರು ಜಿಮಖಾನಾ, ಅಂದರೆ ಕಾಲೇಜಿನ ವಿದ್ಯಾರ್ಥಿ ಸಂಘದ ಎಲೆಕ್ಷನ್ನಿಗೆ ಕಡೇ ಸಲ ಘೋಷಣೆ ಕೂಗಿದ್ದು 1989ಕ್ಕೆ ಮೊದಲು. ಈಗಿನ ಹುಡುಗರನ್ನು ಕೇಳಿದರೆ ಜಿಮಖಾನಾ ಅಂದರೆ ಫೀ ರಸೀದಿಯಲ್ಲಿ ಬರುವ ಒಂದು ಸಾಲು, ಅಷ್ಟೇ.

1989 ಚಂದದ ವರ್ಷ. ಆ ವರ್ಷ ಮಾರ್ಚ್ 28ರಂದು ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆಗಷ್ಟೇ ಪಿಯುಸಿ ಮುಗಿಸಿದ ಹುಡುಗನ ಕೈಗೆ ದೇಶವನ್ನೇ ಕೊಟ್ಟರು. ಕರ್ನಾಟಕದಲ್ಲಿ ಕಾಲೇಜು ಚುನಾವಣೆಗೆ ಬೀಗ ಬಿದ್ದದ್ದೂ 1989ರಲ್ಲೇ. ಪ್ರಧಾನಿ ಯಾರಾಗಬೇಕು ಎಂದು ಹೇಳುವಷ್ಟು ಬುದ್ಧಿ ಬಂತು, ಕ್ರಿಕೆಟ್ ಕಿಟ್ಟಿನ ಕೀಲಿಕೈ ಯಾರ ಹತ್ತಿರ ಇರಬೇಕು ಎಂದು ಹೇಳುವಷ್ಟು ಮಾತ್ರ ಬರಲಿಲ್ಲ. ಕಾರಣ ಹೊಡೆದಾಟ ಎಂದರು. ಹೊಡೆದಾಟವಾದ ಚುನಾವಣೆಗೆಲ್ಲ ಬೀಗ ಹಾಕುತ್ತ ಹೋದರೆ ನಮ್ಮ ಕಡೆ ಪಂಚಾಯಿತಿ ಉಳಿಯುವುದಿಲ್ಲ, ಸೊಸೈಟಿ ಉಳಿಯುವುದಿಲ್ಲ, ಊರ ಜಾತ್ರಾ ಕಮಿಟಿಯೂ ಉಳಿಯುವುದಿಲ್ಲ.

ಇರಲಿ. ಬರುವ ಚುನಾವಣೆ ಬರಿಗೈಲಿ ಬರುವುದಿಲ್ಲ, ಲಿಂಗ್ಡೋ ಸಮಿತಿಯ ನಿಯಮಗಳ ಗಂಟು ಹೊತ್ತೇ ಬರಬೇಕು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕೆಂದು 2006ರಲ್ಲಿ ವರದಿ ಕೊಟ್ಟರು, ಅದೇ ವರ್ಷ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟು ಅದನ್ನು ದೇಶಕ್ಕೆಲ್ಲ ಜಾರಿ ಮಾಡಿತು. ಒಮ್ಮೆ ಓದಿ ನೋಡ್ರಿ, ಮೈ ಪುಲಕಗೊಳ್ಳುತ್ತದೆ. ಒಬ್ಬ ಮನುಷ್ಯ ಎಷ್ಟು ಶುದ್ಧವಾಗಿರಬಹುದು ಎಂಬುದಕ್ಕೆ ಇಷ್ಟು ಒಳ್ಳೆಯ ವಿವರ ಬೇರೆಲ್ಲೂ ಸಿಗಲಿಕ್ಕಿಲ್ಲ.

ಮೊದಲು ವಯಸ್ಸು. ಪದವಿ ವಿದ್ಯಾರ್ಥಿಗೆ 17ರಿಂದ 22, ಸ್ನಾತಕೋತ್ತರಕ್ಕೆ 24-25, ಸಂಶೋಧನೆಯವರಿಗೆ ಹೆಚ್ಚೆಂದರೆ 28. ದೆಹಲಿಯ ಜೆಎನ್‌ಯುದವರು ಕೋರ್ಟಿಗೆ ಹೋಗಿ ಬಡಿದಾಡಿ 28ನ್ನು 30 ಮಾಡಿಸಿಕೊಂಡರು. ಅದಕ್ಕಾಗಿ ಅವರ ಚುನಾವಣೆ 2008ರಿಂದ 2012ರವರೆಗೆ ನಿಂತಿತ್ತು. ಈಗ ಧಾರವಾಡಕ್ಕೆ ಬರ್ರಿ. ಸಪ್ತಾಪುರದ ಕೋಚಿಂಗ್ ಓಣಿಗಳಲ್ಲಿ ಮೂವತ್ತು ದಾಟಿದವರು ನೇಮಕಾತಿ ಆದೇಶಕ್ಕೆ ಕಾದು ಕಾದು, ವಯೋಮಿತಿ ಸಡಿಲಿಸಿರೆಂದು ಬೀದಿಗಿಳಿಯುತ್ತಾರೆ. ಒಂದೇ ಊರಿನಲ್ಲಿ ಒಬ್ಬ 32ಕ್ಕೂ ಎಳೆಯ, ಇನ್ನೊಬ್ಬ 23ಕ್ಕೇ ಮುದುಕ.

ಇನ್ನೊಂದು ಸೊಗಸು ಕೇಳ್ರಿ. ಗ್ರಾಮ ಪಂಚಾಯಿತಿಗೆ ನಿಲ್ಲಲು 21 ವರ್ಷ ಸಾಕು. ಬಿ.ಎ. ಕಡೇ ವರ್ಷದ ಹುಡುಗನೊಬ್ಬ ಊರಿನಲ್ಲಿ ಆರಿಸಿ ಬಂದು ಪಂಚಾಯಿತಿ ಅಧ್ಯಕ್ಷನಾಗಬಹುದು, ಚರಂಡಿ ಕಾಮಗಾರಿಯ ಬಿಲ್ಲಿಗೆ ಸಹಿ ಹಾಕಬಹುದು. ಅದೇ ಹುಡುಗ ಬಸ್ಸು ಹತ್ತಿ ಕಾಲೇಜಿಗೆ ಬಂದರೆ, ಇಂಗ್ಲಿಷಿನಲ್ಲಿ ಒಂದು ಪೇಪರು ಬಾಕಿ ಇದೆಯೆಂದು ಕ್ರೀಡಾ ಕಾರ್ಯದರ್ಶಿಗೂ ನಾಲಾಯಕ್. ನಮ್ಮ ಗದಗಿನಲ್ಲಂತೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್‌ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯವಿದೆ. ಅಲ್ಲಿನ ಪರೀಕ್ಷೆಯಲ್ಲಿ ‘ತಳಮಟ್ಟದ ಪ್ರಜಾಪ್ರಭುತ್ವ’ ಎಂದು ಹತ್ತು ಅಂಕದ ಪ್ರಶ್ನೆ ಬಂದರೆ ಯಾರಾದರೂ ನಗಬಾರದು, ಕಾಪಿ ಎಂದು ಹಿಡಿದುಬಿಟ್ಟಾರು.

ಬಾಕಿ ಪೇಪರಿನ ನಿಯಮ ಕಾಗದದ ಮೇಲೆ ಬಹಳ ಸರಳ. ಸ್ಪರ್ಧಿಸುವ ವರ್ಷ ಯಾವ ವಿಷಯವೂ ಉಳಿದಿರಬಾರದು. ಚುನಾವಣೆ ಯಾವಾಗ? ತರಗತಿ ಶುರುವಾಗಿ ಆರರಿಂದ ಎಂಟು ವಾರದೊಳಗೆ. ನಮ್ಮಲ್ಲಿ ಆ ಎಂಟು ವಾರದಲ್ಲಿ ಹಿಂದಿನ ಸೆಮಿಸ್ಟರಿನ ರಿಸಲ್ಟು ಬಂದಿದ್ದರೆ ಪುಣ್ಯ. ಬಂದರೂ ‘ತಡೆಹಿಡಿಯಲಾಗಿದೆ’ ಎಂದು ಬಂದಿರುತ್ತದೆ. ಇಂಟರ್ನಲ್ ಅಂಕ ಏರಿಲ್ಲ, ರಿಜಿಸ್ಟರ್ ನಂಬರಿನಲ್ಲಿ ಒಂದು ಅಂಕಿ ಹೆಚ್ಚುಕಡಿಮೆ, ಮರುಮೌಲ್ಯಮಾಪನಕ್ಕೆ ಹಾಕಿದ್ದು ಇನ್ನೂ ಬಂದಿಲ್ಲ. ನಾಮಪತ್ರ ಪರಿಶೀಲನೆಯ ದಿನ ಆ ಹುಡುಗ ಪಾಸೂ ಅಲ್ಲ, ಫೇಲೂ ಅಲ್ಲ, ತ್ರಿಶಂಕು. ಚುನಾವಣಾಧಿಕಾರಿಯಾಗಿ ಕೂತ ಮೇಷ್ಟ್ರು ಏನು ಮಾಡಬೇಕು? ತಿರಸ್ಕರಿಸುತ್ತಾರೆ, ಅದೇ ಸುರಕ್ಷಿತ. ಮತದಾನ ಮುಗಿದ ಮೇಲೆ ರಿಸಲ್ಟು ಬರುತ್ತದೆ, 68 ಅಂಕ. ರಿಸಲ್ಟು ತಡವಾಗುತ್ತದೆ ಎಂಬ ದೂರಿನ ಮೇಲೇ ಅವನು ಚುನಾವಣೆಗೆ ನಿಂತಿದ್ದ ಎನ್ನುವುದು ಬೇರೆ ಮಾತು.

ಹಾಜರಿ 75 ಪ್ರತಿಶತ ಇರಬೇಕು. ವಿಶ್ವವಿದ್ಯಾಲಯ ಇನ್ನೂ ಹೆಚ್ಚು ಕೇಳಿದರೆ ಅಷ್ಟು. ಕಲಘಟಗಿ, ಕುಂದಗೋಳ, ಅಣ್ಣಿಗೇರಿ ಕಡೆಯ ಹಳ್ಳಿಯಿಂದ ಬರುವ ಹುಡುಗಿಯ ಹಾಜರಿ ಅವಳ ಕೈಯಲ್ಲಿಲ್ಲ, ಡಿಪೋದ ಕೈಯಲ್ಲಿದೆ. ಮುಂಜಾನೆಯ ಬಸ್ಸು ಮೊದಲ ಸ್ಟಾಪಿಗೇ ತುಂಬಿ, ಮುಂದಿನ ಊರಿನಲ್ಲಿ ನಿಲ್ಲಿಸದೆ ಹೋಗುತ್ತದೆ. ಮುಂದಿನ ಬಸ್ಸು ಹಿಡಿದು ಬರುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತದೆ. ವಾರಕ್ಕೆ ಆರು ದಿನ, ದಿನಕ್ಕೆ ನಾಲ್ಕು ಪೀರಿಯಡ್, ಅಂದರೆ ವಾರಕ್ಕೆ 24. ಪ್ರತಿದಿನ ಮೊದಲನೆಯದು ತಪ್ಪಿದರೆ ಉಳಿಯುವುದು 18, ಸರಿಯಾಗಿ 75. ಒಂದೇ ಒಂದು ದಿನ ಜ್ವರ ಬಂದರೆ ಮುಗಿಯಿತು, 75ರ ಕೆಳಗೆ. ಹಳ್ಳಿ ಬಸ್ಸು ನಿಲ್ಲಿಸಬೇಕೆಂದು ಕೇಳಲಿಕ್ಕೆ ಒಬ್ಬ ಪ್ರತಿನಿಧಿ ಬೇಕು, ಆ ಪ್ರತಿನಿಧಿ ಬಸ್ಸು ತಪ್ಪದ ಮನೆಯವನಾಗಿರಬೇಕು. ಅಂದರೆ ಬೈಕು ಇದ್ದವನು. ಇಲ್ಲಿ ನನಗೆ ನಗು ಬರುವುದಿಲ್ಲ. ಫುಟ್‌ಬೋರ್ಡಿಗೆ ಜೋತುಬಿದ್ದು ಬರುವ ಮಕ್ಕಳನ್ನು ಮೂವತ್ತೈದು ವರ್ಷದಿಂದ ನೋಡುತ್ತ, ಅವರ ಪರವಾಗಿ ಒಬ್ಬನಾದರೂ ಸಭೆಯಲ್ಲಿ ಎದ್ದು ನಿಲ್ಲದಂತೆ ನೋಡಿಕೊಂಡು, ಈಗ ಅವರ ಹಾಜರಿ ಲೆಕ್ಕ ಹಾಕಲು ಕೂತಿದ್ದೇವೆ.

ಕ್ರಿಮಿನಲ್ ದಾಖಲೆಯ ಮಾತು ಬೇಗ ಮುಗಿಸೋಣ. ವಿದ್ಯಾರ್ಥಿಗೆ ಶಿಕ್ಷೆಯಾಗುವುದು ಹಾಗಿರಲಿ, ಯಾವುದಾದರೂ ಅಪರಾಧದಲ್ಲಿ ವಿಚಾರಣೆಗೆ ಒಳಗಾಗಿದ್ದರೇ ಸಾಕು, ಅನರ್ಹ. ಕಾಲೇಜಿನವರು ಶಿಸ್ತುಕ್ರಮ ಕೈಗೊಂಡಿದ್ದರೂ ಅನರ್ಹ. ಶಾಸಕನಿಗೆ ಸಾಮಾನ್ಯವಾಗಿ ಅಪರಾಧ ಸಾಬೀತಾಗಿ ಕನಿಷ್ಠ ಎರಡು ವರ್ಷ ಜೈಲಾಗಬೇಕು, ಅಲ್ಲಿಯವರೆಗೆ ಅವರು ಮಾನ್ಯರೇ. ಹಾಸ್ಟೆಲ್ ಊಟದಲ್ಲಿ ಹುಳ ಬಂತೆಂದು ರಸ್ತೆಗೆ ಕೂತವನ ಮೇಲೆ ಕೇಸು ಬಿದ್ದು ವಿಚಾರಣೆ ನಡೆಯಿತು ಅನ್ನಿ, ಅವನು ಕಾಲೇಜಿಗೆ ಬೇಡ. ಬೇಕಾದರೆ ವಿಧಾನಸಭೆಗೆ ಹೋಗಲಿ.

ಖರ್ಚಿನ ಮಿತಿ ಐದು ಸಾವಿರ ರೂಪಾಯಿ. 2006ರಲ್ಲಿ ವಿಧಾನಸಭೆ ಅಭ್ಯರ್ಥಿಗೆ 10 ಲಕ್ಷ ಇತ್ತು, ಈಗ 40 ಲಕ್ಷ. ಲೋಕಸಭೆಗೆ 25 ಲಕ್ಷ ಇದ್ದದ್ದು 95 ಲಕ್ಷವಾಗಿದೆ. ವಿದ್ಯಾರ್ಥಿಗೆ ಆಗಲೂ ಐದು ಸಾವಿರ, ಈಗಲೂ ಐದು ಸಾವಿರ. ಬೆಲೆ ಏರಿಕೆ ಎಂಬುದು ದೊಡ್ಡವರನ್ನಷ್ಟೇ ಬಾಧಿಸುವ ರೋಗ, ಹುಡುಗರಿಗೆ ತಗಲುವುದಿಲ್ಲ. 95 ಲಕ್ಷದವರಿಗೆ ಲೆಕ್ಕ ಕೊಡಲು 30 ದಿನ ಗಡುವು, ಐದು ಸಾವಿರದವನಿಗೆ ಎರಡು ವಾರ, ಅದೂ ಆಡಿಟ್ ಆಗಿರಬೇಕು. ಸಿಎ ಕೂಲಿ ಕೊಟ್ಟ ಮೇಲೆ ಪ್ರಚಾರಕ್ಕೆ ಉಳಿಯುವುದು ಒಂದಿಷ್ಟು ಡ್ರಾಯಿಂಗ್ ಶೀಟು, ಎರಡು ಪಾಕೀಟು ಸ್ಕೆಚ್ ಪೆನ್ನು. ದೆಹಲಿ ವಿಶ್ವವಿದ್ಯಾಲಯದಲ್ಲಿ 2024ರಲ್ಲಿ ಗೋಡೆ ಹೊಲಸು ಮಾಡಿದರೆಂದು ಹೈಕೋರ್ಟು ಮತ ಎಣಿಕೆಯನ್ನೇ ತಡೆಯಿತು. ಸೆಪ್ಟೆಂಬರ್ 27ಕ್ಕೆ ಹಾಕಿದ ಮತದ ಫಲಿತಾಂಶ ಬಂದದ್ದು ನವೆಂಬರ್ 25ಕ್ಕೆ. ಮರುವರ್ಷ ಅಭ್ಯರ್ಥಿಗಳಿಂದ ಒಂದು ಲಕ್ಷದ ಬಾಂಡ್ ಬರೆಸಿಕೊಂಡರು. ಖರ್ಚು ಮಾಡಲು ಐದು ಸಾವಿರ, ಅಂಜಿಕೆಗೆ ಒಂದು ಲಕ್ಷ.

ಪೋಸ್ಟರು ಕೈಯಿಂದಲೇ ಬರೆದದ್ದಾಗಿರಬೇಕು, ಮುದ್ರಿಸಿದ್ದು ನಡೆಯುವುದಿಲ್ಲ. ಅದನ್ನೂ ಕಾಲೇಜು ಮೊದಲೇ ತೋರಿಸಿದ ಜಾಗದಲ್ಲೇ ಹಚ್ಚಬೇಕು, ಮತದಾನವಾಗಿ 48 ತಾಸಿನೊಳಗೆ ಎಲ್ಲರೂ ಸೇರಿ ಕಿತ್ತು ಗುಡಿಸಬೇಕು. ಇದು ಒಳ್ಳೆಯ ನಿಯಮವೇ, ಸುಳ್ಳು ಹೇಳಬಾರದು. ಆದರೆ ದೆಹಲಿಯ ಹುಡುಗರು ಇದಕ್ಕೂ ಮದ್ದು ಕಂಡುಹಿಡಿದರು. ಛಾಪಿಸಿದ ಪೋಸ್ಟರಿನಲ್ಲಿ ತಮ್ಮ ಹೆಸರನ್ನೇ ಒಂದಕ್ಷರ ತಪ್ಪಿಸಿ ಹಾಕಿಸುವುದು, ಹಿಡಿದರೆ ‘ಇದು ನಾನಲ್ಲ’ ಅನ್ನುವುದು. ಮತಪತ್ರದಲ್ಲಿ ಮೊದಲು ಬರಲೆಂದು ಹೆಸರಿನ ಮುಂದೆ ಮೂರು ನಾಲ್ಕು ‘ಎ’ ಸೇರಿಸಿಕೊಂಡವರೂ ಇದ್ದಾರೆ.

ಈ ವಿದ್ಯೆ ನಮ್ಮ ಕಡೆ ಬಂದರೆ ಏನಾದೀತು? ನಮ್ಮಲ್ಲಿ ಅಡ್ಡಹೆಸರಿನಿಂದ ಕರೆಯುವುದೇ ರೂಢಿ. ಅಕ್ಷರಮಾಲೆಯ ಪ್ರಕಾರ ಹೋದರೆ ಅಂಗಡಿಯವರಿಗೆ ಯಾವಾಗಲೂ ಮೊದಲ ಸಾಲು, ಹಡಪದ, ಹಿರೇಮಠ, ಹೊಸಮನಿಯವರಿಗೆ ತಳದ ಸಾಲು. ಹಿರೇಮಠರ ಹುಡುಗ ರಾತ್ರೋರಾತ್ರಿ ‘ಅಹಿರೇಮಠ’ ಆದರೆ ಆಶ್ಚರ್ಯವಿಲ್ಲ, ಊರಿಗೆ ಹೋದಾಗ ಅಜ್ಜ ಕೈಗೆ ಸಿಕ್ಕದ್ದನ್ನು ತೊಗೊಂಡು ಬಡಿದರೂ ಆಶ್ಚರ್ಯವಿಲ್ಲ. ಉಪ್ಪಿನ, ಉಳ್ಳಾಗಡ್ಡಿ, ಬೆಲ್ಲದ, ಮೆಣಸಿನಕಾಯಿ, ಈ ನಾಲ್ವರೂ ಒಂದೇ ಹುದ್ದೆಗೆ ನಿಂತರೆ ಮತಪತ್ರಕ್ಕೆ ಚುರಮರಿ ಒಂದೇ ಕಡಿಮೆ.

ಧ್ವನಿವರ್ಧಕ, ವಾಹನ, ಪ್ರಾಣಿ, ಪ್ರಚಾರಕ್ಕೆ ಇವು ಮೂರೂ ನಿಷಿದ್ಧ. ಆಗಸ್ಟಿನಲ್ಲಿ ತರಗತಿ ಶುರುವಾದರೆ ಚುನಾವಣೆ ಬೀಳುವುದು ಗಣಪತಿ-ದಸರಾ ಹೊತ್ತಿಗೆ. ಹುಬ್ಬಳ್ಳಿಯ ಓಣಿ ಓಣಿಯಲ್ಲಿ ಡಿಜೆ ಕಿವಿ ಹರಿಯುತ್ತಿರುವಾಗ ಅಭ್ಯರ್ಥಿಯೊಬ್ಬನೇ ಬರಿಗಂಟಲಲ್ಲಿ ‘ಸ್ನೇಹಿತರೇ’ ಎನ್ನಬೇಕು. ಪ್ರಾಣಿ ನಿಷೇಧದ ಪೆಟ್ಟು ಹಾವೇರಿಯವರಿಗೇ ಜೋರು. ಅಲ್ಲಿ ಹೋರಿ ಬೆದರಿಸುವ ಸ್ಪರ್ಧೆಗೆ ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಹೋರಿಗೆ ಇರುವಷ್ಟು ಹುಡುಗರ ಬೆಂಬಲ ಯಾವ ಜಿ.ಎಸ್.ಗೂ ಇಲ್ಲ. ಹೋರಿಯೇ ನಿಂತರೆ ಅವಿರೋಧ ಆಯ್ಕೆ. ಅದಕ್ಕೆ ಹಾಜರಿಯ ಕಾಟವಿಲ್ಲ, ಬಾಕಿ ಪೇಪರಿಲ್ಲ, ಪಕ್ಷವೂ ಇಲ್ಲ.

ಪಕ್ಷ ಎಂದಾಗ ನೆನಪಾಯಿತು. ರಾಜಕೀಯ ಪಕ್ಷದ ದುಡ್ಡು ಮುಟ್ಟುವಂತಿಲ್ಲ, ಹೊರಗಿನವರು ಚುನಾವಣೆಯೊಳಗೆ ಬರುವಂತಿಲ್ಲ. ಬಹಳ ಒಳ್ಳೆಯದು. ಈ ನಿಯಮದಡಿ ಚುನಾವಣೆ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮಾತ್ರ ಪಕ್ಷದವರು.

ಚುನಾವಣೆ ನಡೆಸಲಾಗದ ಕಡೆ ನಾಮನಿರ್ದೇಶನ ಮಾಡಿಕೊಳ್ಳಬಹುದು, ಆದರೆ ಬರೇ ಅಂಕ ನೋಡಿ ಮಾಡಬೇಡಿ, ಐದು ವರ್ಷದೊಳಗೆ ಚುನಾವಣೆಗೆ ಬನ್ನಿ ಎಂದೂ ಅದೇ ವರದಿ ಹೇಳಿತ್ತು. 2006ಕ್ಕೆ ಐದು ಕೂಡಿಸಿದರೆ 2011. ಹುಡುಗರಿಗೆ ನಾಮಪತ್ರ ಸಲ್ಲಿಕೆಯಿಂದ ಫಲಿತಾಂಶದವರೆಗೆ ಹತ್ತೇ ದಿನ, ಹತ್ತು ದಾಟುವಂತಿಲ್ಲ. ಸರ್ಕಾರಕ್ಕೆ ಐದು ವರ್ಷ ಕೊಟ್ಟರು, ಅದು ಇಪ್ಪತ್ತು ತೊಗೊಂಡಿತು. ಅಷ್ಟು ದಿನವೂ ಹೆಚ್ಚು ಅಂಕದವರನ್ನು ಕರೆದು ಕೋಟಿಗೊಂದು ಬ್ಯಾಡ್ಜು ಚುಚ್ಚಿ, ಅತಿಥಿಗಳಿಗೆ ಹಾರ ಹಾಕಲಿಕ್ಕೆ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿದರು. ವಿದ್ಯಾರ್ಥಿವೇತನ ಬರಲಿಲ್ಲ, ಅತಿಥಿ ಉಪನ್ಯಾಸಕರು ಅರ್ಧ ಸೆಮಿಸ್ಟರಿಗೆ ಬಂದರು ಎಂದು ಆ ಬ್ಯಾಡ್ಜಿನವರು ಯಾರನ್ನು ಕೇಳಬೇಕಿತ್ತು? ಅವರನ್ನು ಆರಿಸಿದವರನ್ನೇ.

ಕೊನೆಗೆ ಮತದಾನದ ದಿನದ ನಿಯಮ. ಅಂದು ಅಭ್ಯರ್ಥಿಗಳು ಯಾರಿಗೂ ತಿನ್ನುವ, ಕುಡಿಯುವ ಯಾವುದೇ ಘನ ಅಥವಾ ದ್ರವ ಪದಾರ್ಥ ಹಂಚಬಾರದು. ಫೇಡೆ ಘನ, ಅದರಲ್ಲಿ ಅನುಮಾನವಿಲ್ಲ. ಲೈನ್ ಬಜಾರಿನ ಕಡೆಯಿಂದ ಬರುವ ಪ್ರತಿಯೊಂದು ಪೊಟ್ಟಣವನ್ನೂ ಗೇಟಿನಲ್ಲಿ ಬಿಚ್ಚಿ ನೋಡಬೇಕಾಗುತ್ತದೆ. ಚಹಾ ದ್ರವ. ಗಿರ್ಮಿಟ್ ಯಾವುದು? ಕಲಸಿದ ಕೂಡಲೇ ತಿಂದರೆ ಘನ, ಗೆಳೆಯ ಬರಲೆಂದು ಕಾಲು ತಾಸು ಕಾದರೆ ಒಗ್ಗರಣೆ ಕುಡಿದು ಚುರಮರಿ ಹಿಟ್ಟಾಗಿ ಮೂರನೆಯದೇ ಏನೋ ಆಗಿರುತ್ತದೆ. ಕುಂದುಕೊರತೆ ಸಮಿತಿಯಲ್ಲಿ ಡೀನ್ ಇರುತ್ತಾರೆ, ಹಿರಿಯ ಪ್ರಾಧ್ಯಾಪಕರಿರುತ್ತಾರೆ, ಒಬ್ಬ ಹಿರಿಯ ಅಧಿಕಾರಿ, ಕಡೇ ವರ್ಷದ ಒಬ್ಬ ಹುಡುಗ, ಒಬ್ಬ ಹುಡುಗಿ ಇರುತ್ತಾರೆ. ಫಲಿತಾಂಶ ಬಂದು ಮೂರು ವಾರದವರೆಗೆ ದೂರು ಕೊಡಬಹುದು. ಅಷ್ಟರಲ್ಲಿ ಸಾಕ್ಷಿಯ ಗತಿ ಏನಾಗಿರುತ್ತದೆಂದು ಗಿರ್ಮಿಟ್ ತಿಂದವರಿಗೆ ಹೇಳಬೇಕಾಗಿಲ್ಲ. ಜೊತೆಗೆ ಬಂದ ಮಿರ್ಚಿಯ ಮೇಲೆ ಬೇರೆ ಅರ್ಜಿ ಹಾಕಬೇಕು.

ನಿಯಮದಲ್ಲಿ ಒಂದು ವಿನಾಯಿತಿ ಮಾತ್ರ ಇದೆ. ನೀರು ಹಂಚಬಹುದು. ಬರೆದವರು ದೆಹಲಿಯಲ್ಲಿ ಕೂತು, ನೀರಿನಿಂದ ಯಾರ ಮತ ಕೊಳ್ಳಲಾದೀತು ಎಂದುಕೊಂಡಿರಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ, ಗದಗಿನಲ್ಲಿ ನಳ ಯಾವತ್ತು ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿಕೊಂಡು ಕಾಲೇಜಿಗೆ ರಜೆ ಹಾಕುವ ಹುಡುಗಿಯರಿದ್ದಾರೆಂದು ಅವರಿಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಮತದಾನದ ದಿನ ಹಾಸ್ಟೆಲಿನ ಮುಂದೆ ಒಂದು ಟ್ಯಾಂಕರ್ ತಂದು ನಿಲ್ಲಿಸಿದವನು ಗೆದ್ದ. ಟ್ಯಾಂಕರ್ ವಾಹನವಲ್ಲವೇ, ವಾಹನ ನಿಷಿದ್ಧವಲ್ಲವೇ ಎಂದು ಸೋತವನು ತಕರಾರು ತೆಗೆಯುತ್ತಾನೆ. ತೆಗೆಯಲಿ, ಅದಕ್ಕೂ ಒಂದು ಸಮಿತಿ ಮಾಡಿದರಾಯಿತು.