2018ರ ಟೇಬಲ್ ಟೆನಿಸ್ ಚಿನ್ನ: ಸತ್ಯಾಂಶ ಏನು?

"ಕಾಮನ್‌ವೆಲ್ತ್ ಕ್ರೀಡಾಕೂಟದ ಟೇಬಲ್ ಟೆನಿಸ್‌ನಲ್ಲಿ ಭಾರತಕ್ಕೆ ಮೊಟ್ಟಮೊದಲ ಚಿನ್ನ ಬಂದಿದ್ದು 2018ರಲ್ಲಿ, ಮಣಿಕಾ ಬಾತ್ರಾ ಅವರಿಂದ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಇದು ಪೂರ್ತಿ ನಿಜವಲ್ಲ.

ಮೊದಲ ಚಿನ್ನ ಬಂದಿದ್ದು 2006ರಲ್ಲಿ, ಮೆಲ್ಬರ್ನ್‌ನಲ್ಲಿ. ಅಲ್ಲಿ ಪುರುಷರ ತಂಡ ಗೆದ್ದಿತು, ಸಿಂಗಲ್ಸ್‌ನಲ್ಲಿ ಶರತ್ ಕಮಲ್ ಕೂಡ ಗೆದ್ದರು. 2010ರಲ್ಲಿ ದೆಹಲಿಯಲ್ಲಿ ಪುರುಷರ ಡಬಲ್ಸ್ ಚಿನ್ನವೂ ಸಿಕ್ಕಿತು. ಇವರನ್ನೆಲ್ಲ ಮರೆಯೋದು ನ್ಯಾಯವಲ್ಲ, ಅಲ್ವಾ?

ಹಾಗಂತ 2018ರ ಸಾಧನೆ ಸಣ್ಣದೇನಲ್ಲ. ಮಹಿಳೆಯರ ಸಿಂಗಲ್ಸ್ ಚಿನ್ನ ಗೆದ್ದ ಮೊದಲ ಭಾರತೀಯಳು ಮಣಿಕಾ ಅವರೇ. ಅದುವರೆಗೆ ಮಹಿಳೆಯರ ತಂಡ ವಿಭಾಗದಲ್ಲಿ ಪ್ರತಿಸಲ ಸಿಂಗಾಪುರವೇ ಗೆಲ್ಲುತ್ತಿತ್ತು. 2018ರ ಕೂಟ ನಡೆದ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ, ಫೈನಲ್‌ನಲ್ಲಿ ಭಾರತ ಅದನ್ನು 3-1ರಿಂದ ಸೋಲಿಸಿತು. ಒಲಿಂಪಿಕ್ ಪದಕ ಗೆದ್ದಿದ್ದ ಸಿಂಗಾಪುರದ ಫೆಂಗ್ ಟಿಯಾನ್‌ವೈ ಅವರನ್ನು ಮಣಿಕಾ ಆ ಕೂಟದಲ್ಲಿ ಎರಡು ಸಲ ಮಣಿಸಿದರು: ಒಮ್ಮೆ ತಂಡದ ಫೈನಲ್‌ನಲ್ಲಿ, ಇನ್ನೊಮ್ಮೆ ಸಿಂಗಲ್ಸ್ ಸೆಮಿಫೈನಲ್‌ನಲ್ಲಿ.

ಮಣಿಕಾ ಅವರ ಬ್ಯಾಟಿನ ಒಂದು ಬದಿಗೆ ಉದ್ದನೆಯ ಸಣ್ಣ ಗುಬ್ಬಿಗಳು ಎದ್ದಿರುವ ರಬ್ಬರ್ ಇದೆ. ಎದುರಾಳಿ ಕೊಟ್ಟ ಸ್ಪಿನ್ ಅದಕ್ಕೆ ತಾಗಿ ಉಲ್ಟಾ ಆಗಿ ವಾಪಸ್ ಹೋಗುತ್ತದೆ. ಆಟದ ನಡುವೆಯೇ ಬ್ಯಾಟ್ ತಿರುಗಿಸಿ ಹೊಡೆಯುವುದರಿಂದ ಚೆಂಡು ಹೇಗೆ ಬರುತ್ತದೆ ಅಂತ ಊಹಿಸೋದು ಇನ್ನೂ ಕಷ್ಟ.

2018ರ ಆ ಕೂಟದ ಟೇಬಲ್ ಟೆನಿಸ್‌ನಲ್ಲಿ ಭಾರತಕ್ಕೆ ಒಟ್ಟು 8 ಪದಕ ಬಂದವು, ಅದರಲ್ಲಿ 3 ಚಿನ್ನ. ಫಾರ್ವರ್ಡ್ ಮಾಡುವುದಾದರೆ "ಮೊದಲ ಚಿನ್ನ" ಅನ್ನೋದನ್ನು "ಮಹಿಳೆಯರ ಸಿಂಗಲ್ಸ್‌ನ ಮೊದಲ ಚಿನ್ನ" ಅಂತ ತಿದ್ದಿ ಕಳಿಸಿ.