ರಿಯೋಕಾನ್‌ನಲ್ಲಿ ಪರದೇಶಿ ದೊರೆಗಳ ಪಜೀತಿ

ಜಪಾನಿನ ಹಳೆಯ ಮಾದರಿಯ ವಸತಿಗೃಹದ ಹೆಸರು ರಿಯೋಕಾನ್. ಜರ್ಮನಿಯಿಂದಲೋ ಅಮೆರಿಕದಿಂದಲೋ ಬಂದ ಆರಡಿಯ ಆಸಾಮಿ ಅಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಅವನ ಮಾನ ಹೋಗಲು ಎಷ್ಟು ದಾರಿಗಳಿವೆಯೋ ಅಷ್ಟೂ ದಾರಿಗಳಲ್ಲಿ ಹೋಗಿರುತ್ತದೆ.

ಮೊದಲ ಕಂತು ಬಾಗಿಲಲ್ಲೇ. ಒಳಗೆ ಕಾಲಿಟ್ಟ ಕೂಡಲೇ ಸಿಗುವ ತಗ್ಗು ನೆಲವೇ ಗೆಂಕಾನ್. ಶೂ ಅಲ್ಲಿ ಬಿಡಬೇಕು. ಬಿಚ್ಚಿದ ಕಾಲು ಮಾತ್ರ ಆ ತಗ್ಗಿಗೆ ತಾಗಬಾರದು, ನೇರ ಮೇಲಿನ ಹಲಗೆಗೇ ಹೋಗಬೇಕು. ತಗ್ಗಿಗೆ ತಾಗಿದರೆ ಬೀದಿಯ ಧೂಳು ಸಾಕ್ಸಿಗೆ, ಸಾಕ್ಸಿನಿಂದ ಚಾಪೆಗೆ. ಮೊಣಕಾಲಿನವರೆಗೆ ಲೇಸು ಬಿಗಿದ ಬೂಟು ಹಾಕಿಕೊಂಡು ಬಂದವರು ಒಂಟಿಕಾಲಲ್ಲಿ ಭಗೀರಥನಂತೆ ನಿಂತು, ಓಲಾಡಿ, ಕೊನೆಗೆ ತಗ್ಗಿಗೇ ಕಾಲೂರುತ್ತಾರೆ. ಸುಲಭವಾಗಿ ಕಳಚುವ ಶೂ ಇದ್ದರೆ ಈ ತಪಸ್ಸು ಬೇಕಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಪರೀಕ್ಷೆಯಲ್ಲಿ ಕನ್ನಡಿಗರು ಹುಟ್ಟಿದಾಗಿನಿಂದಲೇ ಪಾಸು. ಆದರೂ ಈಗಲೇ ಬೀಗಬೇಡಿ, ಸ್ನಾನದ ಮನೆ ಇನ್ನೂ ಬಂದಿಲ್ಲ.

ಹಜಾರದಲ್ಲಿ ಓಡಾಡಲು ಕೊಡುವ ಚಪ್ಪಲಿ ಜಪಾನೀ ಪಾದದ ಅಳತೆಯದು. ದೊರೆಗಳ ಹಿಮ್ಮಡಿ ಹೊರಗೇ ಇರುತ್ತದೆ. ಟಾಟಾಮಿ ಚಾಪೆಯ ಕೋಣೆಗೆ ಬಂದಾಗ ಅದನ್ನೂ ಬಿಡಬೇಕು. ಶೌಚಾಲಯದ ಬಾಗಿಲಲ್ಲಿ ಇನ್ನೊಂದು ಜೊತೆ ಕಾದಿರುತ್ತದೆ, ಅದು ಅಲ್ಲಿಗಷ್ಟೇ ಮೀಸಲು. ಒಳಗಿನ ಕಮೋಡಿನ ಗುಂಡಿಗಳ ಜೊತೆ ಸೆಣಸಾಡಿ, ನೀರು ಬಿಡುವ ಗುಂಡಿ ಯಾವುದೆಂದು ತಿಳಿಯದೆ ತುರ್ತು ಸಹಾಯದ ಗುಂಡಿ ಒತ್ತಿ, ಗಾಬರಿಯಲ್ಲಿ ಹೊರಬಿದ್ದವನಿಗೆ ಕಾಲಲ್ಲಿ ಏನಿದೆ ಎಂಬ ಪರಿವೆಯೇ ಇರುವುದಿಲ್ಲ. ಆ ಚಪ್ಪಲಿಯಲ್ಲೇ ಊಟದ ಕೋಣೆಗೆ ಹೋಗುತ್ತಾನೆ. ಯಾರೂ ಬೈಯುವುದಿಲ್ಲ. ಎಲ್ಲರೂ ಅವನ ಪಾದವನ್ನೇ ನೋಡುತ್ತಾರೆ, ಅಷ್ಟೆ. ಗುಂಡಿಗಳ ಗೊಂದಲ ತಗ್ಗಿಸಲು ಅಲ್ಲಿನ ತಯಾರಕರು 2017ರಲ್ಲಿ ಎಲ್ಲರಿಗೂ ಒಂದೇ ಬಗೆಯ 8 ಚಿತ್ರಸಂಕೇತಗಳನ್ನು ಒಪ್ಪಿಕೊಂಡರು. ಹಳೆಯ ಕಮೋಡುಗಳಲ್ಲಿ ಮಾತ್ರ ಈಗಲೂ ಬರೀ ಜಪಾನೀ ಲಿಪಿ.

ಕೋಣೆಯಲ್ಲಿ ಮಂಚವಿಲ್ಲ. 'ದುಡ್ಡು ಕೊಟ್ಟಿದ್ದೇನೆ, ಮಲಗುವುದೆಲ್ಲಿ?' ಎಂದು ಜಗಳಕ್ಕೆ ಹೊರಡುವ ಮುನ್ನ ಊಟಕ್ಕೆ ಹೋಗಿಬನ್ನಿ. ಅಷ್ಟರಲ್ಲಿ ಯಾರೋ ಬಂದು ಗೋಡೆಬೀರುವಿನಿಂದ ಹಾಸಿಗೆ ತೆಗೆದು ಹಾಸಿರುತ್ತಾರೆ. ಗೋಡೆಯೊಳಗೆ ತುಸು ಎತ್ತರಿಸಿದ ಗೂಡೊಂದಿದೆ. ಒಂದು ಚಿತ್ರಪಟ, ಒಂದು ಹೂವು ಬಿಟ್ಟರೆ ಖಾಲಿ. ಅದನ್ನು ಕಂಡೊಡನೆ ಸೂಟ್‌ಕೇಸಿಗೆಂದೇ ಮಾಡಿದ್ದಾರೆ ಎಂದು ದೊರೆಗಳಿಗೆ ಅನ್ನಿಸುತ್ತದೆ. ಅದು ತೊಕೊನೊಮಾ, ಕೋಣೆಯ ಅತ್ಯಂತ ಗೌರವದ ಜಾಗ. ಗಾಲಿಯ ಪೆಟ್ಟಿಗೆಯನ್ನು ಚಾಪೆಯ ಮೇಲೆ ಎಳೆದರೂ ಹುಲ್ಲಿನ ನೇಯ್ಗೆ ಹರಿಯುತ್ತದೆ. ಎತ್ತಿಕೊಂಡೇ ಹೋಗಬೇಕು.

ತೊಡಲು ಯುಕಾತ ಎಂಬ ಹತ್ತಿಯ ನಿಲುವಂಗಿ ಕೊಡುತ್ತಾರೆ. ಗಂಡಾಗಲಿ ಹೆಣ್ಣಾಗಲಿ ಬಲಭಾಗ ಒಳಗೆ, ಎಡಭಾಗ ಅದರ ಮೇಲೆ. ತಿರುವುಮುರುವಾದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಹಾಗೆ ಉಟ್ಟು ನಗುನಗುತ್ತಾ ಫೋಟೊ ತೆಗೆಸಿಕೊಳ್ಳುವ ಜೋಡಿಗಳನ್ನು ಕಂಡರೆ ಅಲ್ಲಿನ ಹೆಂಗಸರು ಓಡಿಬಂದು ಬಿಚ್ಚಿ ಸರಿಮಾಡುತ್ತಾರೆ.

ಇನ್ನು ಓನ್ಸೆನ್, ಅಂದರೆ ಬಿಸಿನೀರ ಬುಗ್ಗೆಯ ಸಾಮೂಹಿಕ ಸ್ನಾನ. ಮೈಮೇಲೆ ನೂಲೆಳೆಯೂ ಇರಕೂಡದು. (ಅಭ್ಯಂಜನದ ದಿನವೂ ಚಡ್ಡಿ ಬಿಡದ ನಮ್ಮವರು ಫೇಲಾಗುವುದು ಇಲ್ಲಿಯೇ.) ಈಜುಡುಗೆ ತೊಟ್ಟು ಬಂದವನನ್ನು ಒಳಗೆ ಬಿಡುವುದಿಲ್ಲ. ತೊಡದೆ ಬಂದವನು ನಾಚಿಕೆಯಿಂದ ಸೀದಾ ಕೊಳಕ್ಕೆ ಇಳಿದುಬಿಡುತ್ತಾನೆ. ಇಳಿಯುವ ಮುನ್ನ ಪುಟ್ಟ ಸ್ಟೂಲಿನ ಮೇಲೆ ಕುಳಿತು ಸೋಪು ಹಚ್ಚಿ ಮೈ ತೊಳೆಯಬೇಕು, ನೊರೆ ಒಂದಿಷ್ಟೂ ಉಳಿಯಬಾರದು. ನಿಂತು ತೊಳೆದುಕೊಂಡರೆ ಪಕ್ಕದವನಿಗೂ ಸ್ನಾನವಾಗುತ್ತದೆ. ಕೊಳವಿರುವುದು ಕೊಳೆ ಕಳೆಯಲಿಕ್ಕಲ್ಲ, ನೆನೆಯಲಿಕ್ಕೆ. ಅದೇ ನೀರಲ್ಲಿ ಇನ್ನೂ ಹಲವರು ಕೂರಬೇಕು. ಕೈಲಿರುವ ಚಿಕ್ಕ ಟವೆಲ್ಲನ್ನೂ ನೀರಿಗೆ ಅದ್ದಬಾರದು. ಮಡಿಸಿ ತಲೆಯ ಮೇಲಿಟ್ಟುಕೊಳ್ಳಬೇಕು.

ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಕೆಳಗಿನಿಂದ ಮೇಲಕ್ಕೆ, ಪಾದದಿಂದ ಶುರುಮಾಡಿ ಬಿಸಿನೀರು ಸುರಿದುಕೊಂಡು ಮೈಗೆ ರೂಢಿ ಮಾಡಿಸಬೇಕು. ಮೊದಲ ಸಲ ಐದು ನಿಮಿಷ ಸಾಕು. ಬಿಸಿಗೆ ರಕ್ತನಾಳಗಳು ಹಿಗ್ಗಿರುತ್ತವೆ. ಅರ್ಧ ಗಂಟೆ ಕುಳಿತು ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಾಗುತ್ತದೆ. ಊಟದ ಜೊತೆ ಸಾಕೆ ಎಂಬ ಅಕ್ಕಿಯ ಮದ್ಯ ಕುಡಿದು ಬಂದಿದ್ದರಂತೂ ಕೇಳಲೇಬೇಡಿ. ಬತ್ತಲೆಯಾಗಿ ಬಿದ್ದ ನೂರು ಕಿಲೋ ಭಾರದ ವ್ಯಕ್ತಿಯನ್ನು ಎತ್ತುವ ಕಷ್ಟ ಎತ್ತುವವರಿಗೇ ಗೊತ್ತು.

ಹಚ್ಚೆ ಇದ್ದವರ ಪಾಡು ಬೇರೆ. ಜಪಾನ್ 1872ರಲ್ಲಿ ಹಚ್ಚೆಯನ್ನು ನಿಷೇಧಿಸಿ 1948ರಲ್ಲಿ ನಿಷೇಧ ತೆಗೆಯಿತು. ಮೈತುಂಬ ಹಚ್ಚೆ ಹಾಕಿಸಿಕೊಳ್ಳುವ ಯಾಕುಜಾ ಎಂಬ ಪುಂಡರ ಗುಂಪಿನ ನೆನಪು ಮಾತ್ರ ಸ್ನಾನಗೃಹಗಳನ್ನು ಬಿಟ್ಟಿಲ್ಲ. 2013ರಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನಾಂಗದ ಮಹಿಳೆಯೊಬ್ಬರನ್ನು, ಮುಖದ ಮೇಲಿನ ಅವರ ಕುಲದ ಹಚ್ಚೆ ನೋಡಿ, ಉತ್ತರದ ಹೊಕ್ಕೈದೊ ದ್ವೀಪದ ಸ್ನಾನಗೃಹವೊಂದು ಒಳಗೆ ಬಿಡದೆ ದೊಡ್ಡ ಸುದ್ದಿಯಾಯಿತು. ಹೊಟ್ಟೆಪಾಡಿಗೆ ಹಚ್ಚೆ ಹಾಕಿಸಿಕೊಂಡ ಗೂಂಡಾಗೂ ಅಜ್ಜಿಯ ಕುಲಚಿಹ್ನೆ ಹೊತ್ತವಳಿಗೂ ಒಂದೇ ಕಾನೂನು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಚಿಕ್ಕ ಹಚ್ಚೆಯಾದರೆ ಚರ್ಮದ ಬಣ್ಣದ ಪಟ್ಟಿ ಅಂಟಿಸಬಹುದು. ದೊಡ್ಡದಾದರೆ ಕಿನೊಸಾಕಿ ಎಂಬ ಬಿಸಿನೀರ ಬುಗ್ಗೆಗಳ ಊರಿಗೆ ಹೋಗಿ. ಅಲ್ಲಿನ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆಗೆ ತಕರಾರಿಲ್ಲ.

ಸ್ನಾನದ ಮನೆಯ ಬಾಗಿಲಿನ ಪರದೆ ಸಾಮಾನ್ಯವಾಗಿ ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಎರಡೂ ಕೊಳಗಳ ಸೊಬಗು ಎಲ್ಲರಿಗೂ ಸಿಗಲೆಂದು ಎಷ್ಟೋ ಕಡೆ ರಾತ್ರೋರಾತ್ರಿ ಪರದೆಗಳನ್ನು ಅದಲುಬದಲು ಮಾಡುತ್ತಾರೆ. ನಿನ್ನೆ ಎಡಕ್ಕೆ ಹೋಗಿದ್ದೆನಲ್ಲ ಎಂದು ಬೆಳಗಿನ ನಿದ್ದೆಗಣ್ಣಲ್ಲಿ ಎಡಕ್ಕೇ ನುಗ್ಗಿದರೆ ಮುಂದಿನದನ್ನು ಬರೆಯಬೇಕಿಲ್ಲ. ದಾರಿ ನೆನಪಿಡಬೇಡಿ, ಪರದೆ ನೋಡಿ.

ಇಷ್ಟೆಲ್ಲ ಗೆದ್ದು ತಿಂಡಿಗೆ ಕುಳಿತವರ ಮುಂದೆ ಮೊಟ್ಟೆಯೊಂದು ಬರುತ್ತದೆ. ಪಕ್ಕದಲ್ಲಿ ಖಾಲಿ ಪುಟ್ಟ ಬಟ್ಟಲಿದ್ದರೆ ಅದು ಬಹುಶಃ ಹಸಿ ಮೊಟ್ಟೆ. ಬಟ್ಟಲಿಗೆ ಒಡೆದು, ಸೋಯಾ ಸಾಸ್ ಹಾಕಿ ಕದಡಿ, ಬಿಸಿ ಅನ್ನಕ್ಕೆ ಸುರಿದುಕೊಳ್ಳಬೇಕು. ಬೇಯಿಸಿದ್ದೆಂದು ತಿಳಿದು ಚಮಚದಿಂದ ನೆತ್ತಿಗೆ ಕುಟ್ಟಿದವರ ಅಂಗೈ ತುಂಬ ಲೋಳೆ. ಅನುಮಾನವಿದ್ದರೆ ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ: ಬೆಂದದ್ದು ಸರಸರ ಸುತ್ತುತ್ತದೆ, ಹಸಿಯದು ಕುಂಟುತ್ತದೆ. ಬೇಡವಾದರೆ ಅಲ್ಲೇ ಬಿಡಿ. ದಾರಿಗೆ ಆಗುತ್ತದೆ ಎಂದು ಕೋಟಿನ ಜೇಬಿಗಂತೂ ಹಾಕಿಕೊಳ್ಳಬೇಡಿ.